ಹೆಸರು ಕೇಳದ ಲೇಖಕರ ಪುಸ್ತಕ ಸಿಗುವ ಕಡೆ

ಸಣ್ಣ ಊರಿನ ಲೇಖಕರ ಮೊದಲ ಪುಸ್ತಕ ಹೆಚ್ಚಾಗಿ ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತದೆ. ಅದು ದೊಡ್ಡ ಅಂಗಡಿಯ ಕಪಾಟು ಸೇರುವುದು ಅಪರೂಪ. ಬಿಡುಗಡೆ ಸಮಾರಂಭದಲ್ಲೇ ಅರ್ಧ ಹಂಚಿಹೋಗಿರುತ್ತದೆ. ಆದ್ದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರು ಅಂಗಡಿಗಿಂತ ಮೊದಲು ಸಭೆಗಳಿಗೆ ಹೋಗುವುದು ಲೇಸು. ತಾಲೂಕು ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಲೇಖಕರೇ ಪ್ರತಿ ಹಿಡಿದು ಕೂತಿರುತ್ತಾರೆ.

ಕಥೆ-ಕಾದಂಬರಿಯಾಚೆಗಿನ ಓದಿಗೆ ಗದಗಿನ ತೋಂಟದಾರ್ಯ ಮಠದ ಲಿಂಗಾಯತ ಅಧ್ಯಯನ ಸಂಸ್ಥೆಯ ಪ್ರಕಟಣೆಗಳು ದೊಡ್ಡ ಗಣಿ. ಶರಣರು, ವಚನ, ಇತಿಹಾಸ, ವ್ಯಕ್ತಿಚರಿತ್ರೆ ಕುರಿತು ಹೊರಗೆ ಹೆಸರು ಕೇಳದ ಎಷ್ಟೋ ವಿದ್ವಾಂಸರ ಶ್ರಮ ಅಲ್ಲಿದೆ. ಎಲ್ಲವೂ ಒಂದೇ ತೂಕದವಲ್ಲ; ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಯ ಪುಟಗಳನ್ನು ದಾಟಿದರೆ ಸ್ಥಳೀಯ ಚರಿತ್ರೆಯ ಒಳ್ಳೆಯ ಲೇಖನಗಳು ಸಿಗುತ್ತವೆ.

ಹೊಸ ಕಥೆಗಾರರ ಸುಳಿವಿಗೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯ ಫಲಿತಾಂಶ, ಛಂದ ಪುಸ್ತಕ ಪ್ರಕಾಶನದ ಬಹುಮಾನ, ಕನ್ನಡ ಪುಸ್ತಕ ಪ್ರಾಧಿಕಾರ ನೆರವು ನೀಡಿದ ಚೊಚ್ಚಲ ಕೃತಿಗಳ ಪಟ್ಟಿ ನೋಡಬೇಕು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಯೇ ಹೊಸಬರನ್ನು ಅಚ್ಚು ಹಾಕಿತು. ಹಾಗೆ ಮೊದಲೇ ಹಣ ಕೊಟ್ಟು, ಬಂದದ್ದನ್ನು ಓದುವ ರೂಢಿ ಇಂದಿನ ಸಣ್ಣ ಪ್ರಕಾಶಕರಿಗೂ ಆಸರೆ.

ಊರಿನ ಲೇಖಕರನ್ನು ಹುಡುಕುವಾಗ ಹೆಸರಿನ ಬಗ್ಗೆ ತುಸು ಎಚ್ಚರವಿರಲಿ: ಆನಂದಕಂದ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರು ಗದಗಿನ ಜೋಡಿ ಊರಾದ ಬೆಟಗೇರಿಯವರಲ್ಲ, ಗೋಕಾಕ ಸೀಮೆಯ ಬೆಟಗೇರಿಯವರು. ಕವಿ ಚೆನ್ನವೀರ ಕಣವಿ ಮಾತ್ರ ಗದಗ ತಾಲೂಕಿನ ಹೊಂಬಳದವರೇ. ಇಂಥ ಲೇಖಕರ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ, ತರಿಸುವಂತೆ ಗ್ರಂಥಪಾಲಕರಿಗೆ ಬರೆದುಕೊಡಬಹುದು.