ಹಳೆಯ ಟರ್ಬೊ ಕಾರು: ಡೀಸೆಲ್ ಹೆಚ್ಚಿಸುವ ಮುನ್ನ ಗಾಳಿ ನೋಡಿರಿ



ಸುಗ್ಗಿಯ ಹಣ ಕೈಸೇರಿದಾಗ ಹಳೆಯ ಡೀಸೆಲ್ ಕಾರೊಂದನ್ನು ಕೊಳ್ಳುವುದು ಈಗ ಹಳ್ಳಿಗಳಲ್ಲಿಯೂ ವಾಡಿಕೆಯಾಗಿದೆ. 1.3 ಲೀಟರ್ ಟರ್ಬೊ ಡೀಸೆಲ್ ಇಂಜಿನ್ನಿನ ಮಾರುತಿ ಸ್ವಿಫ್ಟ್ ಇವುಗಳಲ್ಲೊಂದು. ಇಟಲಿಯ ಫಿಯಟ್ ಸಂಸ್ಥೆ ರೂಪಿಸಿದ ಈ ಇಂಜಿನ್ 2007ರಲ್ಲಿ ಸ್ವಿಫ್ಟಿಗೆ ಬಂದಿತು. 2020ರಲ್ಲಿ ಮಾರುತಿಯವರು ಡೀಸೆಲ್ ಕಾರುಗಳನ್ನು ನಿಲ್ಲಿಸಿದರು. ಆದ್ದರಿಂದ ಇಂದು ಸಿಗುವವೆಲ್ಲ ವರ್ಷಗಟ್ಟಲೆ ದುಡಿದ ಗಾಡಿಗಳೇ. ಎಳೆತ ಕುಗ್ಗಿದಾಗ, "ಕಂಪ್ಯೂಟರ್ ಟ್ಯೂನ್ ಮಾಡಿಸಿ, ಎಳೆತವೂ ಮೈಲೇಜೂ ಹೆಚ್ಚುತ್ತವೆ" ಎಂದು ಹೇಳುವವರು ಸಿಗುತ್ತಾರೆ. ಹಣ ಕೊಡುವ ಮುನ್ನ ಕೆಳಗಿನ ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಗಾಳಿ ಎಷ್ಟು ಬೇಕು?

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಈ ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊದ ಕೆಲಸ. ಇಂಜಿನ್ ಹೊರಹಾಕುವ ಬಿಸಿ ಹೊಗೆಯೇ ಅದರ ಚಕ್ರವನ್ನು ತಿರುಗಿಸುತ್ತದೆ. ಗಾಳಿಯಿಲ್ಲದೆ ಡೀಸೆಲ್ ಮಾತ್ರ ಹೆಚ್ಚಿಸುವುದು, ತೇವವಿಲ್ಲದ ಹೊಲಕ್ಕೆ ಯೂರಿಯಾ ಸುರಿದಂತೆ. ಫಲ ಬರುವುದಿಲ್ಲ, ಪೈರು ಸುಡುತ್ತದೆ.

ಕಂಪ್ಯೂಟರ್ ಮಾಡುವುದೇನು?

ಒಳಗೆ ಬರುವ ಗಾಳಿಯನ್ನು ಒಂದು ಮಾಪಕ ಅಳೆಯುತ್ತದೆ. ನಿಮ್ಮ ಕಾಲು ಎಷ್ಟು ಒತ್ತಿದೆ, ನೀರು ಎಷ್ಟು ಬಿಸಿಯಾಗಿದೆ, ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಬೇರೆ ಮಾಪಕಗಳು ತಿಳಿಸುತ್ತವೆ. ಇವನ್ನೆಲ್ಲ ಕೂಡಿಸಿ, ಇಷ್ಟು ಗಾಳಿಗೆ ಇಷ್ಟೇ ಡೀಸೆಲ್ ಎಂದು ಕಂಪ್ಯೂಟರ್ ಮಿತಿ ಹಾಕುತ್ತದೆ. ಆ ಮಿತಿ ಜಿಪುಣತನದಿಂದ ಹಾಕಿದ್ದಲ್ಲ. ಇಂಜಿನ್ನಿನ ರಕ್ಷಣೆಗಾಗಿ ಹಾಕಿದ್ದು.

ಟ್ಯೂನ್ ಮಾಡುವುದೆಂದರೆ ಈ ಲೆಕ್ಕವನ್ನು ತಿದ್ದುವುದು. ಇನ್ನು ಕೆಲವು ಅಗ್ಗದ ಪೆಟ್ಟಿಗೆಗಳು ಲೆಕ್ಕವನ್ನು ತಿದ್ದುವುದೂ ಇಲ್ಲ; ಡೀಸೆಲ್ ಒತ್ತಡ ಕಡಿಮೆಯಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ಅದು ನಂಬಿ ಒತ್ತಡ ಏರಿಸುತ್ತದೆ. ಉರಿಯದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಒಳಗಿನ ಶಾಖ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪಿಸ್ಟನ್ ಅದಕ್ಕೂ ಬಹಳ ಮೊದಲೇ ಬಲಗುಂದುತ್ತದೆ.

ಇದೇ ಇಂಜಿನ್ನನ್ನು 75ರಿಂದ 90 ಅಶ್ವಶಕ್ತಿಗೆ ಏರಿಸುವಾಗ ತಯಾರಕರು ಡೀಸೆಲ್ ಮಾತ್ರ ಹೆಚ್ಚಿಸಲಿಲ್ಲ. ಟರ್ಬೊವನ್ನೇ ಬೇರೆ ಬಗೆಯದಾಗಿ ಬದಲಿಸಿದರು. ಅಂದರೆ ಮೊದಲು ಗಾಳಿ, ಆಮೇಲೆ ಡೀಸೆಲ್. ಗಟ್ಟಿ ಇಂಜಿನ್ನಿನಲ್ಲಿ ಬಲ್ಲವರು ಎರಡನ್ನೂ ಸರಿತೂಗಿಸಿದರೆ ಎಳೆತ ಹೆಚ್ಚುವುದು ನಿಜ. ಆದರೆ ಸವೆದ ಇಂಜಿನ್ನಿಗೆ ಅದು ಮುದಿ ಎತ್ತಿಗೆ ಬಾರುಕೋಲು.

ಮೊದಲು ನೋಡಬೇಕಾದವು

1. ಏರ್ ಫಿಲ್ಟರ್: ಮಣ್ಣು ರಸ್ತೆಯ ಧೂಳಿಗೆ ಬೇಗ ಕಟ್ಟುತ್ತದೆ. ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ, ಎಳೆತ ಹೋಗುತ್ತದೆ.

2. ಟರ್ಬೊದಿಂದ ಇಂಜಿನ್ನಿಗೆ ಹೋಗುವ ಕೊಳವೆಗಳು: ಇಲ್ಲಿ ಬಿರುಕು ಬಿಟ್ಟರೆ ಅಳೆದ ಗಾಳಿ ಹೊರಗೆ ಸೋರುತ್ತದೆ, ಆದರೆ ಡೀಸೆಲ್ ಪೂರ್ತಿ ಬೀಳುತ್ತದೆ. ಕಪ್ಪು ಹೊಗೆ, ವೇಗ ಏರಿಸಿದಾಗ ಬುಸುಗುಡುವ ಸದ್ದು, ಸಂದುಗಳಲ್ಲಿ ಆಯಿಲ್ ಜಿಡ್ಡು, ಇವು ಇದರ ಗುರುತು.

3. ಇ.ಜಿ.ಆರ್. ಕವಾಟ: ಹೊಗೆಯ ಒಂದಂಶವನ್ನು ಇಂಜಿನ್ನಿಗೆ ಮರಳಿಸುವ ಬಾಗಿಲು ಇದು. ಮಸಿ ಕಟ್ಟಿ ತೆರೆದೇ ನಿಂತರೆ ಹೊಸ ಗಾಳಿಗೆ ಜಾಗವಿರುವುದಿಲ್ಲ.

4. ಡೀಸೆಲ್ ಫಿಲ್ಟರ್: ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ಲನ್ನು ಕಾರಿಗೆ ಹಾಕಬಾರದು. ಅದರಲ್ಲಿ ಸೇರಿದ ನೀರು, ಕಸ ಇಂಜೆಕ್ಟರುಗಳನ್ನು ಕೆಡಿಸುತ್ತವೆ.

5. ಇವೆಲ್ಲ ಸರಿಯಿದ್ದೂ ದೋಷ ಉಳಿದರೆ ಸ್ಕ್ಯಾನರ್ ಹಾಕಿಸಿ. ಬೇಕಾದ ಒತ್ತಡವೆಷ್ಟು, ನಿಜವಾಗಿ ಇರುವುದೆಷ್ಟು ಎಂಬ ಎರಡು ಅಂಕಿಗಳನ್ನೂ ಕೇಳಿ ಬರೆದುಕೊಳ್ಳಿರಿ.

ಎಚ್ಚರಿಕೆ

ಇಂಜಿನ್ ಓಡುತ್ತಿರುವಾಗ ಡೀಸೆಲ್ ಕೊಳವೆಯನ್ನು ಎಂದಿಗೂ ಸಡಿಲಿಸಬಾರದು. ಒಳಗಿನ ಒತ್ತಡ ಸಾವಿರ ಬಾರ್ ದಾಟಬಲ್ಲದು. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವಿದೆ.

ಘಟ್ಟ ಹತ್ತಿ ಬಂದ ಕೂಡಲೇ ಇಂಜಿನ್ ನಿಲ್ಲಿಸದೆ ಒಂದು ನಿಮಿಷ ಮೆಲ್ಲಗೆ ಓಡಲು ಬಿಡಿರಿ, ಟರ್ಬೊ ತಣಿಯುತ್ತದೆ. ಆಯಿಲನ್ನು ಕಾಲಕಾಲಕ್ಕೆ ತಪ್ಪದೆ ಬದಲಿಸಿರಿ.

ಫಿಲ್ಟರಿಗೂ ಕೊಳವೆಗೂ ಆಗುವ ಖರ್ಚು ಸ್ವಲ್ಪ. ಇಂಜಿನ್ ಕರಗಿದರೆ ಒಂದು ಬೆಳೆಯ ಆದಾಯವೇ ಹೋದೀತು. ಆದಕಾರಣ ಕಳೆದುಹೋದ ಗಾಳಿಯನ್ನು ಮೊದಲು ಹುಡುಕಿರಿ. ಅದು ಸಿಕ್ಕಿದರೆ ಕಂಪ್ಯೂಟರನ್ನು ಮುಟ್ಟುವ ಅಗತ್ಯವೇ ಬಾರದಿರಬಹುದು.