ತೇಪೆ ಬಂದ ದಿನ, ತೇಪೆ ಹಾಕಿದ ದಿನ: ಭದ್ರತಾ ಅಪ್‌ಡೇಟ್ ಕುರಿತ ಒಂದು ಬೋಧನಾಭ್ಯಾಸ ಪಾಠ

ತರಗತಿ: 9. ಅವಧಿ: ತಲಾ 40 ನಿಮಿಷಗಳ ಎರಡು ಪಾಠಗಳು.
ಕಲಿಕಾಂಶ: ಕಾರ್ಯಾಚರಣಾ ವ್ಯವಸ್ಥೆಯ ಭದ್ರತಾ ಲೋಪ ಮತ್ತು ಅಪ್‌ಡೇಟ್.

ಮೊದಲ ಪಾಠ ಮತ್ತು ಅದರ ಕೊರತೆ

ಪೀಠಿಕೆಯಲ್ಲಿ "ಅಪ್‌ಡೇಟ್ ಯಾಕೆ ಬರುತ್ತದೆ?" ಎಂದು ಕೇಳಿದೆ. "ಹೊಸ ಎಮೋಜಿ ಬರುತ್ತೆ ಸರ್" ಎಂದ ಒಬ್ಬ. "ಫೋನ್ ನಿಧಾನ ಆಗುತ್ತೆ ಅಂತ ನಮ್ಮಣ್ಣ ಮಾಡೋಕೆ ಬಿಡಲ್ಲ" ಎಂದಳು ಇನ್ನೊಬ್ಬಳು. ವೈರಸ್ ಎಂದರೆ ಕಳ್ಳ, ಅಪ್‌ಡೇಟ್ ಎಂದರೆ ಬೀಗ ಎಂಬ ಹೋಲಿಕೆ ಕೊಟ್ಟು ವ್ಯಾಖ್ಯೆ ಬರೆಸಿದೆ. ಕೊನೆಗೆ ಮೌಲ್ಯಮಾಪನದ ಪ್ರಶ್ನೆ: "ಕಂಪನಿ ಅಪ್‌ಡೇಟ್ ಬಿಡುಗಡೆ ಮಾಡಿತು. ಈಗ ನಿಮ್ಮ ಕಂಪ್ಯೂಟರ್ ಸುರಕ್ಷಿತವೇ?" ಬಹುತೇಕ ಎಲ್ಲರೂ "ಹೌದು" ಎಂದು ಬರೆದಿದ್ದರು.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದರು: "ವ್ಯಾಖ್ಯೆ ತಲುಪಿದೆ, ಕಾಲದ ಅಂತರ ತಲುಪಿಲ್ಲ." ತಪ್ಪು ನನ್ನ ಹೋಲಿಕೆಯಲ್ಲೇ ಇತ್ತು. ಬೀಗ ತಯಾರಾಗುವುದು ಬೇರೆ, ಬಾಗಿಲಿಗೆ ಹಾಕುವುದು ಬೇರೆ. ಈ ವ್ಯತ್ಯಾಸವನ್ನೇ ನಾನು ಹೇಳಿರಲಿಲ್ಲ.

ಎರಡನೇ ಪಾಠ: ಮೂರು ದಿನಾಂಕಗಳು

ಈ ಬಾರಿ ವ್ಯಾಖ್ಯೆಯಿಂದ ಆರಂಭಿಸದೆ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದು ಮೂರು ದಿನಾಂಕ ಬರೆದೆ.

2017 ಮಾರ್ಚ್ 14: ವಿಂಡೋಸ್‌ನ ಕಡತ ಹಂಚಿಕೆ ಭಾಗದಲ್ಲಿದ್ದ ಒಂದು ಗಂಭೀರ ಲೋಪಕ್ಕೆ ಮೈಕ್ರೋಸಾಫ್ಟ್ ತೇಪೆ, ಅಂದರೆ ಪ್ಯಾಚ್, ಬಿಡುಗಡೆ ಮಾಡಿತು.

ಏಪ್ರಿಲ್ 14: ಅದೇ ಲೋಪದ ಮೂಲಕ ಒಳನುಗ್ಗುವ 'ಎಟರ್ನಲ್‌ಬ್ಲೂ' ಎಂಬ ಸಾಧನವನ್ನು ಒಂದು ಅನಾಮಧೇಯ ಗುಂಪು ಬಹಿರಂಗಪಡಿಸಿತು. ಯಾರು ಬೇಕಾದರೂ ಅದನ್ನು ಬಳಸಬಹುದಾಯಿತು.

ಮೇ 12: 'ವಾನಾಕ್ರೈ' ದಾಳಿ ಶುರುವಾಯಿತು. ಅದು ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಬಿಡಿಸಲು ಬಿಟ್‌ಕಾಯಿನ್‌ನಲ್ಲಿ ಹಣ ಕೇಳುತ್ತಿತ್ತು. ಯಾರೂ ಏನನ್ನೂ ಒತ್ತದಿದ್ದರೂ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡುತ್ತಿತ್ತು.

ತೇಪೆ ಬಂದ ದಿನದಿಂದ ದಾಳಿಯವರೆಗೆ ಎಷ್ಟು ದಿನ ಎಂದು ಲೆಕ್ಕ ಹಾಕಲು ಹೇಳಿದೆ. 59 ಎಂದು ಉತ್ತರ ಬಂತು. ಆಗ ಹಿಂದಿನ ಬೆಂಚಿನಿಂದ ನಾನು ಕಾಯುತ್ತಿದ್ದ ಪ್ರಶ್ನೆ: "ಎರಡು ತಿಂಗಳು ಮುಂಚೆನೇ ಔಷಧಿ ಇತ್ತಲ್ಲ ಸರ್, ಮತ್ತೆ ಯಾಕೆ ಹಾಕ್ಕೊಳ್ಳಲಿಲ್ಲ?"

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಉದಾಹರಣೆ ಕೊಟ್ಟೆ. ಇಂಗ್ಲೆಂಡಿನಲ್ಲಿ ಅದರ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80ಕ್ಕೆ ಈ ದಾಳಿಯಿಂದ ತೊಂದರೆಯಾಯಿತು. ಸಾವಿರಾರು ರೋಗಿಗಳ ತಪಾಸಣೆಯ ದಿನ ರದ್ದಾಯಿತು, ಕೆಲವೆಡೆ ಆಂಬ್ಯುಲೆನ್ಸ್‌ಗಳನ್ನು ಬೇರೆ ಆಸ್ಪತ್ರೆಗೆ ಕಳಿಸಬೇಕಾಯಿತು. "ಅವರದು ಉದಾಸೀನ" ಎಂದು ಮುಗಿಸುವುದು ಸುಲಭವಿತ್ತು. ಬದಲಿಗೆ ಗುಂಪುಗಳಲ್ಲಿ ಕಾರಣ ಊಹಿಸಲು ಹೇಳಿದೆ. ಆಸ್ಪತ್ರೆಯ ಯಂತ್ರವನ್ನು ನಡುವೆ ನಿಲ್ಲಿಸಿ ರೀಸ್ಟಾರ್ಟ್ ಮಾಡಲಾಗದು. ಹೊಸ ತೇಪೆಯಿಂದ ಹಳೆಯ ಉಪಕರಣ ಕೆಟ್ಟೀತೆಂಬ ಭಯ. ಹಳೆಯ ವಿಂಡೋಸ್‌ಗೆ ಅಪ್‌ಡೇಟ್ ಬರುವುದೇ ನಿಂತಿರಬಹುದು. ಇದು ಯಾರ ಕೆಲಸವೆಂದೇ ಗೊತ್ತಿಲ್ಲ. ನಾಲ್ಕನ್ನೂ ಮಕ್ಕಳೇ ಹೇಳಿದರು. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿತ್ತು, ದಾಳಿಯ ನಂತರವಷ್ಟೇ ತುರ್ತಾಗಿ ಅದಕ್ಕೂ ತೇಪೆ ಕೊಡಲಾಯಿತು ಎಂಬುದನ್ನು ನಾನು ಸೇರಿಸಿದೆ.

ಹೋಲಿಕೆಯ ತಿದ್ದುಪಡಿ

ಒಂದು ಊರಿನ ಎಲ್ಲ ಮನೆಗೂ ಒಂದೇ ಕಂಪನಿಯ ಬೀಗವಿದೆ. ಆ ಬೀಗ ತಂತಿಯಿಂದ ತೆರೆಯುತ್ತದೆಂದು ಗೊತ್ತಾಗಿ ಕಂಪನಿ ಹೊಸ ಬೀಗ ಕಳಿಸುತ್ತದೆ. ಹೊಸದನ್ನೂ ಹಳೆಯದನ್ನೂ ಹೋಲಿಸಿ ನೋಡಿದ ಕಳ್ಳನಿಗೆ ಹಳೆಯ ಬೀಗದ ದೋಷ ಎಲ್ಲಿತ್ತೆಂದು ತಿಳಿಯುತ್ತದೆ. ಆದ್ದರಿಂದ ತೇಪೆ ಬಂದ ಮೇಲೆ, ಅದನ್ನು ಹಾಕಿಕೊಳ್ಳದವರ ಅಪಾಯ ಹೆಚ್ಚುತ್ತದೆ. ಈ ಮಾತು ತಿಳಿದಾಗ ತರಗತಿ ಒಂದು ಕ್ಷಣ ನಿಶ್ಶಬ್ದವಾಯಿತು.

ಪ್ರಯೋಗಾಲಯದಲ್ಲಿ

ಕೊನೆಯ ಹದಿನೈದು ನಿಮಿಷ ಶಾಲೆಯ ಕಂಪ್ಯೂಟರ್ ಕೊಠಡಿಗೆ ಹೋದೆವು. ಸೆಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಕೊನೆಯ ಅಪ್‌ಡೇಟ್ ಯಾವ ದಿನ ಸೇರಿದೆ ಎಂದು ಪ್ರತಿ ಗುಂಪೂ ಬರೆದುಕೊಂಡಿತು. ಹಲವು ಯಂತ್ರಗಳಲ್ಲಿ ತಿಂಗಳುಗಳೇ ಕಳೆದಿದ್ದವು. ಮೂರರಲ್ಲಿ ಅಪ್‌ಡೇಟ್ ಇಳಿದು ರೀಸ್ಟಾರ್ಟ್‌ಗಾಗಿ ಕಾಯುತ್ತಿತ್ತು. "ಬೆಲ್ ಹೊಡೆದ ತಕ್ಷಣ ನಾವೇ ಮೇನ್ ಸ್ವಿಚ್ ಆರಿಸ್ತೀವಲ್ಲ ಸರ್" ಎಂದಳು ಒಬ್ಬ ವಿದ್ಯಾರ್ಥಿನಿ. ಆಸ್ಪತ್ರೆಯವರನ್ನು ಪ್ರಶ್ನಿಸಿದ್ದ ಹಿಂದಿನ ಬೆಂಚಿನ ಹುಡುಗ ನಾಚಿ ನಕ್ಕ.

ಗೃಹಕಾರ್ಯದ ಬದಲು ಒಂದು ಜವಾಬ್ದಾರಿ ಕೊಟ್ಟೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಆಗ ರಾತ್ರಿ. ಮರುದಿನ ಬುಧವಾರ ಇಬ್ಬರು ವಿದ್ಯಾರ್ಥಿಗಳು ಶಿಕ್ಷಕರ ಎದುರಿನಲ್ಲಿ ಎಲ್ಲ ಯಂತ್ರಗಳನ್ನು ಪರಿಶೀಲಿಸಿ ಗೋಡೆಯ ಪಟ್ಟಿಯಲ್ಲಿ ದಿನಾಂಕ ಬರೆಯಬೇಕು.

ಸಹಪಾಠಿಗಳಿಗೆ ಕೆಲವು ಸೂಚನೆಗಳು

1. ಪಾಠಕ್ಕೆ ಮುನ್ನ ಶಾಲೆಯ ಯಂತ್ರಗಳ ಆವೃತ್ತಿ ನೋಡಿಕೊಳ್ಳಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಯಂತ್ರವಿದ್ದರೆ ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ.
2. ಉಬುಂಟು ಇರುವ ಶಾಲೆಯಲ್ಲೂ ಇದೇ ಪಾಠ ಸಲ್ಲುತ್ತದೆ. ಅದಕ್ಕೂ ಲೋಪ, ತೇಪೆ, ಬೆಂಬಲದ ಅವಧಿ ಎಲ್ಲವೂ ಇವೆ.
3. "ಅಪ್‌ಡೇಟ್ ಮಾಡಿದರೆ ಏನೂ ಆಗದು" ಎನ್ನಬೇಡಿ. ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಬೇಕೆಂದೂ ಹೇಳಿ.
4. ಜಾಲತಾಣದಲ್ಲಿ ದಿಢೀರನೆ ಕಾಣುವ "ಅಪ್‌ಡೇಟ್ ಮಾಡಿ" ಎಂಬ ಗುಂಡಿಯನ್ನು ಒತ್ತದೆ, ಸೆಟಿಂಗ್ಸ್‌ನಲ್ಲೇ ಪರಿಶೀಲಿಸುವುದನ್ನು ಮಾಡಿ ತೋರಿಸಿ.

ವಾರದ ನಂತರ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ಹೆಚ್ಚಿನವರು "ಇಲ್ಲ" ಎಂದು ಬರೆದು ಕಾರಣವನ್ನೂ ಕೊಟ್ಟಿದ್ದರು. ಒಬ್ಬಳ ಉತ್ತರ ಹೀಗಿತ್ತು: "ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಹೌದು. ಮುಂದಿನ ತಿಂಗಳು ಮತ್ತೆ ನೋಡಬೇಕು."