ಅಂಗೈಯಲ್ಲಿ ಗಾನಭಂಡಾರ

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮ್ಯಾಕ್ ಎಂಬ ಗಣಕಯಂತ್ರದ ಸಂಗ್ರಹಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ 50 ಲಕ್ಷ ಅಕ್ಷರಗಳಿಗೆ ಮಾತ್ರ ಸ್ಥಳವಿತ್ತು. ಇಂದಿನ ಉತ್ತಮ ಎಂಪಿ3 ಧ್ವನಿಮುದ್ರಣವಾದರೆ ಒಂದೂವರೆ ನಿಮಿಷದ ಹಾಡಿಗೇ ಅದು ತುಂಬಿಹೋಗುತ್ತಿತ್ತು! ಈಗ ನೃತ್ಯಕೂಟಗಳಲ್ಲಿ ಹಾಡು ನುಡಿಸುವ ಡಿಜೆಗಳು ಅಂಗೈಯಗಲದ, ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಸುಮಾರು ಲಕ್ಷ ಹಾಡುಗಳನ್ನು ಒಯ್ಯಬಲ್ಲರು.

ಆದರೆ ಅದರೊಳಗಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುವಾಗ, ಓದುವ ಮೊನೆಯು ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಆ ಅಂತರಕ್ಕಿಂತ ಸಾವಿರಾರು ಪಟ್ಟು ದಪ್ಪ. ಕುಣಿಯುವವರ ಕೈ ತಾಗಿ ಡಿಸ್ಕು ಮೇಜಿನಿಂದ ಬಿದ್ದರೆ ಮೊನೆಯು ತಟ್ಟೆಯನ್ನು ಗೀಚಿ, ವರ್ಷಗಳ ಸಂಗ್ರಹವು ಕ್ಷಣದಲ್ಲಿ ನಾಶವಾಗಬಹುದು. ಆದುದರಿಂದಲೇ ನುರಿತವರು ಅನೇಕರು ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಜೊತೆಗೊಯ್ದು, ಇನ್ನೊಂದು ಪ್ರತಿಯನ್ನು ಮನೆಯಲ್ಲಿಯೇ ಇರಿಸಿ ಹೊರಡುತ್ತಾರೆ.